ಅಪರಾಧಿಯಿಲ್ಲದ ಪತ್ತೇದಾರಿ: ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಅಧಿಕಾರ

ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಅಧಿಕಾರಕ್ಕೆ ಹೆಸರಿದೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಊರಿಗೆ ತನ್ನ ಹೆಸರನ್ನೇ ಇಟ್ಟು, ಹದಿಮೂರನೆಯ ಶತಮಾನದಲ್ಲಿ ಕೇಶವ ದೇವಾಲಯ ಕಟ್ಟಿಸಿದ. ಕೆತ್ತಿದ ಮಲ್ಲಿತಮ್ಮನೂ ತನ್ನ ವಿಗ್ರಹಗಳ ಬುಡದಲ್ಲಿ ಹೆಸರು ಕೊರೆದಿದ್ದಾನೆ. ಹೊರಗೋಡೆಯ ರಾಮಾಯಣ, ಭಾಗವತ, ಭಾರತದ ಕಥಾಪಟ್ಟಿಕೆಗಳನ್ನು ಪ್ರದಕ್ಷಿಣೆ ಬರುತ್ತಾ ಓದಿಕೊಳ್ಳಬಹುದು. ಮಾಡಿಸಿದವರು ಯಾರು, ಮಾಡಿದವರು ಯಾರು ಎಂದು ಕೇಳಿದರೆ ಕಲ್ಲೇ ಉತ್ತರ ಕೊಡುತ್ತದೆ.

ಪತ್ತೇದಾರಿ ಕಾದಂಬರಿಯ ಓದುಗ ಬಯಸುವುದೂ ಇಂಥದೇ ಖಚಿತ ಉತ್ತರವನ್ನು. ನಾಲ್ಕನೆಯ ತರಗತಿವರೆಗಷ್ಟೇ ಓದಿ ನೂರಾರು ಕಾದಂಬರಿ ಬರೆದ ಎನ್. ನರಸಿಂಹಯ್ಯನವರು ಆ ಬಯಕೆಯನ್ನು ಪೂರೈಸಿದರು. ಅವರ ಪತ್ತೇದಾರ ಪುರುಷೋತ್ತಮ ಅಪರಾಧಿಯನ್ನು ಹಿಡಿದುಕೊಡುತ್ತಾನೆ.

ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅದೇ ಕುತೂಹಲವನ್ನು ಕೆರಳಿಸಿ, ಬೇರೆಯೇ ದಾರಿ ಹಿಡಿದರು. ಮೈಸೂರಿನಲ್ಲಿ ಓದು ಮುಗಿಸಿದ ಮೇಲೆ ನೌಕರಿಯ ಗೊಡವೆಗೆ ಹೋಗದೆ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದರು. ಲೋಹಿಯಾರ ಸಮಾಜವಾದಿ ಚಿಂತನೆಗೆ ಒಲಿದ ಅವರು 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯ ಸಾಹಿತ್ಯದ ಹಾದಿಯಿಂದ ಹೊರಬಂದುದನ್ನು ಸ್ಪಷ್ಟವಾಗಿ ಹೇಳಿದರು. ಕೆನ್ನೆತ್ ಆ್ಯಂಡರ್ಸನ್ನನ ಬೇಟೆಯ ಕಥೆಗಳನ್ನು ಕನ್ನಡಕ್ಕೆ ತಂದದ್ದೂ ಅವರೇ. ರೋಚಕತೆ ಅವರಿಗೆ ಕೀಳಾದ ಸರಕಾಗಿರಲಿಲ್ಲ. ವಿಮರ್ಶೆ ಈ ಮಾತನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು.

1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದ ಊರು ಕೆಸರೂರು. ಏಲಕ್ಕಿ ಇಳುವರಿ ಬಿದ್ದುಹೋಗಿದೆ. ಏಲಕ್ಕಿ ಸಂಶೋಧನೆಯಲ್ಲಿದ್ದ ವಿಜ್ಞಾನಿ ಜೋಗಿಹಾಳರು ಅನುಮಾನಾಸ್ಪದವಾಗಿ ಸತ್ತಿದ್ದಾರೆ. ತನಿಖೆಗೆ ಬರುವವನು ಗುಪ್ತಚರ ಅಧಿಕಾರಿ ಅಂಗಡಿ. ಸರ್ಕಾರದ ಬಲವೆಲ್ಲ ಅವನ ಬೆನ್ನಿಗಿದ್ದರೂ ಕೊಲೆಗಾರ ಸಿಗುವುದಿಲ್ಲ. ಸಿಗುವುದು ಊರು ಮಾತ್ರ: ತೋಟದ ಸಾಹುಕಾರಿಕೆ, ಜಾತಿಯ ಲೆಕ್ಕಾಚಾರ, ಕೋಮುದ್ವೇಷದ ಪಿಸುಮಾತು, ಕ್ರಾಂತಿಯ ಕನಸು ಕಾಣುವ ಕಾಲೇಜು ಹುಡುಗರು, ಇವೆಲ್ಲದರ ನಡುವೆ ರಫಿ ಮತ್ತು ಜಯಂತಿಯರ ಪ್ರೀತಿ.

ಕೊಲೆಗಾರನನ್ನು ತೋರಿಸದಿರುವುದು ಕಾದಂಬರಿಯ ಕುಂದಲ್ಲ, ಅದರ ದರ್ಶನವೇ ಅಲ್ಲಿದೆ ಎಂಬುದು ಈ ಲೇಖನದ ವಾದ. ತೇಜಸ್ವಿ ಕಂಡ ಅಧಿಕಾರ ಒಬ್ಬನ ಕೈಯಲ್ಲಿಲ್ಲ. ಎಲ್ಲರ ಸಣ್ಣ ಸಣ್ಣ ಸ್ವಾರ್ಥ, ಭಯ, ಆಲಸ್ಯಗಳಲ್ಲಿ ಅದು ಹಂಚಿಹೋಗಿದೆ. ಹಾಗಾಗಿ ಅದಕ್ಕೆ ಕೋಳ ತೊಡಿಸುವುದು ಪತ್ತೇದಾರನಿಂದ ಆಗದ ಕೆಲಸ. ಮುಂದೆ ‘ಜುಗಾರಿ ಕ್ರಾಸ್’ನಲ್ಲಿ ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ದಂಪತಿಗಳೂ ಇಂಥದೇ ಮುಖವಿಲ್ಲದ ಜಾಲಕ್ಕೆ ಸಿಕ್ಕಿಬೀಳುತ್ತಾರೆ.

ಕೆಸರೂರಿನ ಸುತ್ತ ಬೆಳೆದ ಲಂಟಾನದ ಪೊದೆಯನ್ನೇ ಗಮನಿಸಬೇಕು. ಅದನ್ನು ಯಾರೂ ನೆಟ್ಟದ್ದಲ್ಲ, ಕಡಿಯುವ ಹೊಣೆಯನ್ನೂ ಯಾರೂ ಹೊತ್ತಿಲ್ಲ. ಪುಟ ಪುಟಕ್ಕೂ ಅದು ಹಬ್ಬುತ್ತಾ ಮನೆಗಳ ಹಿತ್ತಿಲಿಗೆ ಹತ್ತಿರಾಗುತ್ತದೆ, ಬೇಸಿಗೆಗೆ ಒಣಗುತ್ತದೆ. ಅಂಗಡಿಯ ತನಿಖೆಗೆ ಅದು ಸಂಬಂಧಪಡದ ವಿಷಯ. ಕೊನೆಯಲ್ಲಿ ಬೆಂಕಿ ಊರೊಳಗೆ ನುಗ್ಗುವುದು ಆ ಪೊದೆಗಳ ದಾರಿಯಲ್ಲೇ.