ತೋರಣಗಲ್ಲು ಪರಿಸರದಲ್ಲಿ ಕಾಂಕ್ರೀಟ್ ರಸ್ತೆ: ಭಾರ, ಬಂಧಕ ಮತ್ತು ಬಾಳಿಕೆ

ಕರ್ನಾಟಕದ ರಸ್ತೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ಆಡಳಿತ, ವ್ಯಾಪಾರ ಮತ್ತು ದಂಡಯಾತ್ರೆಗಳ ಹಿನ್ನೆಲೆಯಲ್ಲಿ ನಿರೂಪಿಸಲಾಗುತ್ತದೆ. ರಸ್ತೆಯು ಹೊತ್ತ ಭಾರವೂ ಚರಿತ್ರೆಯ ಆಕರವಾಗಬಲ್ಲದು ಎಂಬುದಕ್ಕೆ ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ತೋರಣಗಲ್ಲು ಉತ್ತಮ ನಿದರ್ಶನ. ಹೊಸಪೇಟೆ–ಬಳ್ಳಾರಿ ಹೆದ್ದಾರಿ ಮತ್ತು ಹುಬ್ಬಳ್ಳಿ–ಗುಂತಕಲ್ ರೈಲುಮಾರ್ಗಗಳ ಮೇಲಿರುವ ಈ ಊರಿನ ಒಂದು ಮಗ್ಗುಲಿಗೆ ಸಂಡೂರಿನ ಅದಿರು ಬೆಟ್ಟಗಳು, ಇನ್ನೊಂದು ಮಗ್ಗುಲಿಗೆ ಕಂಪ್ಲಿಯ ಕಡೆಗೆ ಚಾಚಿದ ತುಂಗಭದ್ರಾ ನೀರಾವರಿಯ ಬಯಲು ಇವೆ.

೧. ಅದಿರು ಸಾಗಣೆ ಮತ್ತು ರಸ್ತೆ

ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕು ಕಾರ್ಖಾನೆಗೆ ಪ್ರಧಾನಿ ಇಂದಿರಾ ಗಾಂಧಿಯವರು ೧೯೭೧ರಲ್ಲಿ ಅಡಿಗಲ್ಲು ಹಾಕಿದರು. ಆದರೆ ಅಲ್ಲಿ ಕಾರ್ಖಾನೆ ತಲೆಯೆತ್ತಿದ್ದು ೧೯೯೦ರ ದಶಕದಲ್ಲಿ, ಜಿಂದಾಲ್ ಸಂಸ್ಥೆಯಿಂದ. ಈ ನಡುವೆ ೧೯೭೭ರಲ್ಲಿ ದೋಣಿಮಲೆಯ ಗಣಿ ಆರಂಭವಾಯಿತು. ಅಲ್ಲಿನ ಅದಿರು ಮುಖ್ಯವಾಗಿ ರೈಲಿನ ಮೂಲಕ ಸಾಗುತ್ತಿದ್ದುದರಿಂದ ರಸ್ತೆಗಳ ಮೇಲೆ ಅದರ ಪರಿಣಾಮ ಸೀಮಿತವಾಗಿತ್ತು.

೨೦೦೦ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಪರಿಸ್ಥಿತಿ ಬದಲಾಯಿತು. ಬೇಲೆಕೇರಿ, ಮಂಗಳೂರು, ಕೃಷ್ಣಪಟ್ಟಣ ಮೊದಲಾದ ಬಂದರುಗಳಿಗೆ ಲಾರಿಗಳು ಸಾಲುಗಟ್ಟಿದವು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ೨೦೦೮ ಮತ್ತು ೨೦೧೧ರಲ್ಲಿ ಸಲ್ಲಿಸಿದ ವರದಿಗಳು ಅಕ್ರಮ ಗಣಿಗಾರಿಕೆಯೊಂದಿಗೆ ಮಿತಿಮೀರಿದ ಭಾರದ ಸಾಗಣೆಯನ್ನೂ ಚರ್ಚಿಸಿದವು. ರಾಜ್ಯ ಸರ್ಕಾರವು ೨೦೧೦ರ ಜುಲೈನಲ್ಲಿ ಅದಿರು ರಫ್ತನ್ನು ತಡೆಯಿತು. ೨೦೧೧ರ ಜುಲೈ ೨೯ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ಸ್ಥಗಿತಗೊಳಿಸಿತು. ಅಷ್ಟರಲ್ಲಿ ಈ ಭಾಗದ ಡಾಂಬರು ರಸ್ತೆಗಳು ಗುಂಡಿಬಿದ್ದು, ರಸ್ತೆ ಬದಿಯ ಊರುಗಳೂ ಹೊಲಗಳೂ ಕೆಂಪು ಧೂಳಿನಲ್ಲಿ ಮುಳುಗಿದ್ದವು.

ಈ ಹಾನಿಯ ಪ್ರಮಾಣವನ್ನು ಅರಿಯಲು ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾದಲ್ಲಿ ೧೯೫೮–೬೦ರಲ್ಲಿ ನಡೆದ ರಸ್ತೆ ಪ್ರಯೋಗ ನೆರವಾಗುತ್ತದೆ. ಇರುಸಿನ ಭಾರ ಹೆಚ್ಚಿದಂತೆ ರಸ್ತೆಯ ಸವೆತವು ಸರಿಸುಮಾರು ಅದರ ನಾಲ್ಕನೆಯ ಘಾತದಲ್ಲಿ ಹೆಚ್ಚುತ್ತದೆ ಎಂಬುದು ಆ ಪ್ರಯೋಗದಿಂದ ಹೊರಟ ಸೂತ್ರ. ಅದರಂತೆ ಭಾರ ಒಂದೂವರೆ ಪಟ್ಟಾದರೆ ಹಾನಿ ಸುಮಾರು ೫ ಪಟ್ಟು. ಭಾರ ಇಮ್ಮಡಿಯಾದರೆ ಹಾನಿ ೧೬ ಪಟ್ಟು. ಲಾರಿಯಲ್ಲಿ ಹೆಚ್ಚುವರಿಯಾಗಿ ತುಂಬಿದ ಅದಿರಿನ ಲಾಭ ಸಾಗಣೆದಾರನಿಗೆ ಸಂದರೆ, ಅದರ ಹಲವು ಪಟ್ಟು ನಷ್ಟ ಸಾರ್ವಜನಿಕ ರಸ್ತೆಯ ಲೆಕ್ಕಕ್ಕೆ ಸೇರಿತು.

೨. ವಿನ್ಯಾಸದ ತತ್ತ್ವ

ಡಾಂಬರು ರಸ್ತೆಯು ಭಾರವನ್ನು ಪದರದಿಂದ ಪದರಕ್ಕೆ ಹರಡುತ್ತಾ ಮಣ್ಣಿಗೆ ತಲುಪಿಸುತ್ತದೆ. ಕಾಂಕ್ರೀಟ್ ರಸ್ತೆಯಾದರೋ ಬಿಗಿಯಾದ ಚಪ್ಪಡಿಯಂತೆ ಬಾಗಿ ಭಾರವನ್ನು ವಿಶಾಲ ಪ್ರದೇಶಕ್ಕೆ ಹಂಚುತ್ತದೆ. ಅಮೆರಿಕದ ಒಹಾಯೋ ರಾಜ್ಯದ ಬೆಲ್‌ಫೌಂಟೆನ್‌ನಲ್ಲಿ ೧೮೯೧ರಲ್ಲಿ ಇಂತಹ ರಸ್ತೆ ನಿರ್ಮಾಣವಾಯಿತು. ಚಪ್ಪಡಿಯ ಒಳಭಾಗ, ಅಂಚು ಮತ್ತು ಮೂಲೆಗಳಲ್ಲಿ ಉಂಟಾಗುವ ಒತ್ತಡಗಳನ್ನು ವೆಸ್ಟರ್‌ಗಾರ್ಡ್ ೧೯೨೬ರಲ್ಲಿ ಗಣಿತದ ಮೂಲಕ ವಿವರಿಸಿದನು.

ಭಾರದಷ್ಟೇ ಮುಖ್ಯವಾದುದು ಬಿಸಿಲು. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಚಪ್ಪಡಿಯ ಮೇಲ್ಭಾಗ ಕಾದು ಹಿಗ್ಗುತ್ತದೆ, ತಳ ತಂಪಾಗಿಯೇ ಉಳಿಯುತ್ತದೆ. ರಾತ್ರಿ ಮೇಲ್ಭಾಗ ಬೇಗ ತಣಿದು ಅಂಚುಗಳು ಮೇಲೇಳುತ್ತವೆ. ಹೀಗಾಗಿ ಹಗಲಿನ ಭಾರದಿಂದ ತಳದಲ್ಲಿ, ರಾತ್ರಿಯ ಭಾರದಿಂದ ಮೇಲ್ಮೈಯಲ್ಲಿ ಬಿರುಕು ಹುಟ್ಟುವ ಸಂಭವವಿದೆ. ಭಾರತೀಯ ರಸ್ತೆ ಕಾಂಗ್ರೆಸ್ ೧೯೭೪ರಲ್ಲಿ ಪ್ರಕಟಿಸಿದ ಐ.ಆರ್.ಸಿ. ೫೮ ಎಂಬ ವಿನ್ಯಾಸ ಸಂಹಿತೆಯು ೨೦೧೧ರ ಪರಿಷ್ಕರಣದಲ್ಲಿ ಈ ಎರಡೂ ಬಗೆಯ ಬಿರುಕುಗಳನ್ನು ಗಣನೆಗೆ ತೆಗೆದುಕೊಂಡಿತು. ರಸ್ತೆಯಲ್ಲಿ ವಾಸ್ತವವಾಗಿ ಓಡಾಡುವ ಇರುಸುಗಳ ತೂಕದ ಹಂಚಿಕೆಯನ್ನು ಸಮೀಕ್ಷೆಯಿಂದ ತಿಳಿದು, ಪ್ರತಿಯೊಂದು ವರ್ಗದ ಭಾರದಿಂದ ಆಗುವ ಬಳಲಿಕೆಯನ್ನು ಕೂಡಿಸುವ ಕ್ರಮವೂ ಅದರಲ್ಲಿದೆ. ಬಳ್ಳಾರಿಯ ಗಣಿಗಾರಿಕೆ ನಿಂತ ವರ್ಷವೇ ಈ ಪರಿಷ್ಕರಣವೂ ಹೊರಬಂದುದು ಕಾಕತಾಳೀಯ. ಆದರೂ ಕಾಗದದ ಮೇಲಿನ ಭಾರಕ್ಕೂ ನೆಲದ ಮೇಲಿನ ಭಾರಕ್ಕೂ ಇರುವ ಅಂತರವೇ ಎರಡರಲ್ಲಿಯೂ ಮುಖ್ಯ ಪ್ರಶ್ನೆಯಾಗಿತ್ತು.

೩. ನಿರ್ಮಾಣ: ತಳ, ಸಂದು, ನೀರು

ಹೆದ್ದಾರಿಯ ಚಪ್ಪಡಿಗೆ ಸಾಮಾನ್ಯವಾಗಿ ಎಂ-೪೦ ದರ್ಜೆಯ ಕಾಂಕ್ರೀಟನ್ನು ಬಳಸಿ, ೩೦ ವರ್ಷಗಳ ಬಾಳಿಕೆಗೆ ವಿನ್ಯಾಸ ಮಾಡಲಾಗುತ್ತದೆ. ಅದರ ಕೆಳಗೆ ದಮ್ಮಸ್ಸು ಮಾಡಿದ ಕಡಿಮೆ ಸಿಮೆಂಟಿನ ಒಣ ಕಾಂಕ್ರೀಟ್ ಪದರವಿರುತ್ತದೆ. ಈ ಭಾಗದ ಕಪ್ಪು ಎರೆಮಣ್ಣು ಮಳೆಗಾಲದಲ್ಲಿ ಊದಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಊದದ ಮಣ್ಣಿನ ಪದರವೂ ಬಸಿಗಾಲುವೆಯೂ ಇಲ್ಲಿ ಅನಿವಾರ್ಯ.

ಕಾಂಕ್ರೀಟ್ ಗಟ್ಟಿಯಾಗುತ್ತಿರುವಾಗಲೇ ಸುಮಾರು ನಾಲ್ಕೂವರೆ ಮೀಟರಿಗೊಂದರಂತೆ ಗರಗಸದಿಂದ ಅಡ್ಡ ಸಂದು ಕೊಯ್ಯಲಾಗುತ್ತದೆ. ತಡವಾದರೆ ಚಪ್ಪಡಿ ತನಗಿಷ್ಟ ಬಂದಲ್ಲಿ ಬಿರಿಯುತ್ತದೆ. ಸಂದಿನಲ್ಲಿರುವ ನುಣುಪು ಡೋವೆಲ್ ಸರಳುಗಳು ಒಂದು ಚಪ್ಪಡಿಯ ಭಾರವನ್ನು ಮುಂದಿನದಕ್ಕೆ ದಾಟಿಸುತ್ತವೆ. ಸಂದಿನ ಮೇಣ ಹಾಳಾದರೆ ಮಳೆನೀರು ತಳಕ್ಕಿಳಿಯುತ್ತದೆ. ಚಕ್ರದ ಒತ್ತಡಕ್ಕೆ ಆ ನೀರು ಮಣ್ಣಿನ ಸಮೇತ ಚಿಮ್ಮಿ, ಆಸರೆ ತಪ್ಪಿದ ಮೂಲೆ ಮುರಿಯುತ್ತದೆ. ಬೇಸಿಗೆಯಲ್ಲಿ ಸಂದಿಗೆ ಹೊಕ್ಕ ಅದಿರಿನ ಗಟ್ಟಿ ಕಣಗಳು ಚಪ್ಪಡಿ ಹಿಗ್ಗಲು ಬಿಡದೆ ಅಂಚುಗಳನ್ನು ಒಡೆಯಬಲ್ಲವು.

ನೀರಿನ ಸಮಸ್ಯೆಗೆ ರಾಜ್ಯದಲ್ಲಿ ಮತ್ತೊಂದು ನಿದರ್ಶನ ಶಿರಾಡಿ ಘಾಟಿ. ಭಾರೀ ಮಳೆ ಮತ್ತು ಬಂದರಿನ ವಾಹನಗಳಿಂದ ಅಲ್ಲಿನ ಡಾಂಬರು ಪದೇ ಪದೇ ಕಿತ್ತುಹೋಗುತ್ತಿದ್ದುದರಿಂದ, ೨೦೧೫ ಮತ್ತು ೨೦೧೮ರಲ್ಲಿ ಎರಡು ಹಂತಗಳಲ್ಲಿ ಸಂಚಾರವನ್ನು ತಿಂಗಳುಗಟ್ಟಲೆ ನಿಲ್ಲಿಸಿ ಕಾಂಕ್ರೀಟ್ ಹಾಕಲಾಯಿತು.

೪. ಸುರ್ಕಿಯಿಂದ ಕಿಟ್ಟದವರೆಗೆ

ಬಂಧಕ ವಸ್ತುವಿನ ವಿಷಯದಲ್ಲಿ ಈ ಪ್ರದೇಶಕ್ಕೆ ತನ್ನದೇ ಪರಂಪರೆಯಿದೆ. ಹೊಸಪೇಟೆಯ ಬಳಿ ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ನೀರು ತುಂಬಿದ ತುಂಗಭದ್ರಾ ಅಣೆಕಟ್ಟೆಯ ಕಲ್ಲುಕಟ್ಟಡಕ್ಕೆ ಸಿಮೆಂಟಿನ ಬದಲು ಸುರ್ಕಿ ಗಾರೆಯನ್ನು ಬಳಸಲಾಯಿತು. ಮದರಾಸು ಕಡೆಯ ಇಂಜಿನಿಯರ್ ತಿರುಮಲೆ ಅಯ್ಯಂಗಾರ್ಯರ ಹೆಸರು ಈ ನಿರ್ಮಾಣದೊಂದಿಗೆ ಸೇರಿಕೊಂಡಿದೆ. ಸುಟ್ಟ ಮಣ್ಣಿನ ಪುಡಿಯಾದ ಸುರ್ಕಿಯು ಸುಣ್ಣದೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ.

ತೋರಣಗಲ್ಲಿನಲ್ಲಿ ೨೦೦೯ರಲ್ಲಿ ಆರಂಭವಾದ ಸಿಮೆಂಟ್ ಘಟಕವು ಊದುಕುಲುಮೆಯ ಕಿಟ್ಟವನ್ನು, ಅಂದರೆ ಸ್ಲ್ಯಾಗನ್ನು, ಬಳಸಿಕೊಂಡಿತು. ಕರಗಿದ ಕಿಟ್ಟವನ್ನು ನೀರಿನಿಂದ ಥಟ್ಟನೆ ತಣಿಸಿದಾಗ ಮರಳಿನಂತಹ ಕಣಗಳಾಗುತ್ತವೆ. ಅವನ್ನು ನುಣ್ಣಗೆ ಅರೆದು ಸಿಮೆಂಟಿನೊಂದಿಗೆ ಬೆರೆಸಲಾಗುತ್ತದೆ. ಸುರ್ಕಿಯಂತೆ ಇದೂ ಆರಂಭದಲ್ಲಿ ನಿಧಾನ, ಕಾಲ ಕಳೆದಂತೆ ಸಾಂದ್ರ. ಗಟ್ಟಿಯಾಗುವಾಗ ಹೊರಡುವ ಶಾಖವೂ ಕಡಿಮೆ. ಆದುದರಿಂದ ಬಿಸಿಲುಸೀಮೆಗೆ ಇದು ಹೊಂದುತ್ತದೆಯಾದರೂ, ನೀರುಣಿಸುವ ಅವಧಿಯಲ್ಲಿ ಅವಸರ ಸಲ್ಲದು. ಉಕ್ಕು ತಯಾರಿಕೆಯ ಹಂತದ ಕಿಟ್ಟದ ಸ್ವಭಾವ ಬೇರೆ: ಅದರಲ್ಲಿ ಉಳಿದ ಸುಣ್ಣ ತೇವಕ್ಕೆ ಊದುವುದರಿಂದ, ಅದನ್ನು ಹದಗೊಳಿಸದೆ ಜಲ್ಲಿಯಾಗಿ ಬಳಸಲಾಗದು.

೫. ಸಮಾಪ್ತಿ

ಅದಿರು ಹುಟ್ಟಿಸಿದ ಕಿಟ್ಟವೇ ಅದಿರಿನ ಲಾರಿಯನ್ನು ಹೊರುವ ರಸ್ತೆಗೆ ಬಂಧಕವಾಗಬಲ್ಲದು ಎಂಬುದು ಈ ಪ್ರದೇಶದ ಅನುಕೂಲ. ಆದರೆ ಒಳ್ಳೆಯ ಬಂಧಕವೊಂದರಿಂದಲೇ ಬಾಳಿಕೆ ಸಿದ್ಧಿಸದು. ಮಿತಿಮೀರಿದ ಭಾರದ ಮುಂದೆ ಕಾಂಕ್ರೀಟ್ ರಸ್ತೆಯೂ ಸೋಲುತ್ತದೆ, ಮತ್ತು ಮುರಿದ ಚಪ್ಪಡಿಯ ದುರಸ್ತಿ ಡಾಂಬರಿನ ತೇಪೆಗಿಂತ ಕಷ್ಟದ್ದು. ಒಂದು ಇರುಸಿನ ಕಾನೂನುಬದ್ಧ ಮಿತಿಯೇ ೨೦೧೮ರಲ್ಲಿ ೧೦.೨ ಟನ್ನಿನಿಂದ ೧೧.೫ ಟನ್ನಿಗೆ ಏರಿತು. ನಾಲ್ಕನೆಯ ಘಾತದ ಸೂತ್ರದಂತೆ, ಕಾನೂನು ಮೀರದ ಲಾರಿಯೂ ರಸ್ತೆಯನ್ನು ಮೊದಲಿಗಿಂತ ಸುಮಾರು ೧.೬ ಪಟ್ಟು ಸವೆಸಬಲ್ಲದು. ಹೀಗಾಗಿ ಈ ಭಾಗದ ರಸ್ತೆಗಳ ಚರಿತ್ರೆಯನ್ನು ಬರೆಯುವವರಿಗೆ ಲೋಕೋಪಯೋಗಿ ಇಲಾಖೆಯ ಕಡತಗಳಷ್ಟೇ ಗಣಿಗಳ ತೂಕದ ಸೇತುವೆಯ ಚೀಟಿಗಳೂ ಸಾಗಣೆ ಪರವಾನಗಿಗಳೂ ಮುಖ್ಯ ದಾಖಲೆಗಳು. ರಸ್ತೆ ಏಕೆ ಮುರಿಯಿತು, ಅದರ ವೆಚ್ಚ ಯಾರ ಮೇಲೆ ಬಿದ್ದಿತು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಮೊದಲು ಹುಡುಕಬೇಕಾದುದು ಅವುಗಳಲ್ಲಿ.