ಚಾಣಕ್ಯನಿಗೆ ಸಿಗದ ಒಂದು ಉತ್ತರ

ಜಾಣ ಪತ್ತೇದಾರನೊಬ್ಬ ತನ್ನ ಜೊತೆಯವರನ್ನೇ ಕತ್ತಲೆಯಲ್ಲಿಟ್ಟು ಆಡಿಸುವುದು ಕಥೆಗಳಲ್ಲಿ ಹೊಸದೇನಲ್ಲ. 1913ರ ಒಂದು ಕಥೆಯಲ್ಲಿ ಷರ್ಲಾಕ್ ಹೋಮ್ಸ್ ಸಾಯುವ ರೋಗಿಯಂತೆ ನಟಿಸಿ ಆಪ್ತಗೆಳೆಯ ವಾಟ್ಸನ್‌ನನ್ನೇ ನಂಬಿಸುತ್ತಾನೆ. ಕನ್ನಡದ ಗದ್ಯಕ್ಕೆ ಇಂಥ ಪಾತ್ರ ಬಂದದ್ದು ಅದಕ್ಕೂ ತೊಂಬತ್ತು ವರ್ಷ ಮೊದಲು. 1823ರಲ್ಲಿ ಕೆಂಪುನಾರಾಯಣ ಬರೆದ ‘ಮುದ್ರಾಮಂಜೂಷ’ದ ಚಾಣಕ್ಯನೇ ಅವನು.

ಆ ಕೃತಿಗೆ ಆಧಾರ ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’. ನಂದರು ಅಳಿದಿದ್ದಾರೆ, ಚಂದ್ರಗುಪ್ತ ಸಿಂಹಾಸನದಲ್ಲಿದ್ದಾನೆ. ಆದರೆ ನಂದರ ಮಂತ್ರಿ ರಾಕ್ಷಸ ಸತ್ತ ಒಡೆಯನ ಋಣ ಬಿಡದೆ ಶತ್ರುರಾಜ ಮಲಯಕೇತುವಿನ ಪಾಳೆಯ ಸೇರಿದ್ದಾನೆ. ಅವನನ್ನು ಕೊಲ್ಲುವುದು ಚಾಣಕ್ಯನಿಗೆ ಬೇಕಿಲ್ಲ. ಇಷ್ಟು ನಿಷ್ಠೆಯುಳ್ಳವನು ಚಂದ್ರಗುಪ್ತನ ಮಂತ್ರಿಯಾಗಬೇಕು, ತಾನು ಪಕ್ಕಕ್ಕೆ ಸರಿಯಬೇಕು ಎಂಬುದು ಅವನ ಲೆಕ್ಕ. ಅದಕ್ಕಾಗಿ ಗೂಢಚಾರ ತಂದ ರಾಕ್ಷಸನ ಮುದ್ರೆಯುಂಗುರ, ರಾಕ್ಷಸನ ಗೆಳೆಯನ ಕೈಯಿಂದಲೇ ಅವನಿಗೆ ತಿಳಿಯದಂತೆ ಬರೆಸಿದ ಹೆಸರಿಲ್ಲದ ಪತ್ರ, ವೇಷ ಮರೆಸಿದ ಸಹಚರರು ಎಲ್ಲವೂ ಒದಗುತ್ತವೆ. ಸುಳಿವು, ಕೈಬರಹ, ವೇಷಾಂತರ: ಪತ್ತೇದಾರಿ ಕಾದಂಬರಿಯ ಸಾಮಾನು ಸರಂಜಾಮು ಪೂರ್ತಿ ಇಲ್ಲಿದೆ.

ಇಷ್ಟೆಲ್ಲ ಮಾಡಿದ ಮೇಲೆ ಯಾರ ನಿಷ್ಠೆ ಚಾಣಕ್ಯನಿಗೆ ನಿಜವಾಗಿ ಗೊತ್ತಾಯಿತು ಎಂಬುದು ನನ್ನ ಪ್ರಶ್ನೆ.

ಮೊದಲು ಎದುರು ಪಕ್ಷದವರನ್ನು ನೋಡೋಣ. ರಾಕ್ಷಸನ ಹೆಂಡತಿ ಮಕ್ಕಳನ್ನು ಬಚ್ಚಿಟ್ಟ ವರ್ತಕ ಚಂದನದಾಸನನ್ನು ಚಾಣಕ್ಯ ಹೆದರಿಸುತ್ತಾನೆ. ಅವನು ಜಗ್ಗುವುದಿಲ್ಲ. ಚಾಣಕ್ಯ ಮನಸ್ಸಿನಲ್ಲಿ ಅವನನ್ನು ಮೆಚ್ಚಿಕೊಂಡೇ ಸೆರೆಗೆ ಹಾಕಿಸುತ್ತಾನೆ. ಕೊನೆಗೆ ಗೆಳೆಯನನ್ನು ಉಳಿಸಲು ರಾಕ್ಷಸ ತಾನೇ ವಧಾಸ್ಥಾನಕ್ಕೆ ಬಂದು ನಿಲ್ಲುತ್ತಾನೆ. ಇಬ್ಬರ ನಿಷ್ಠೆಯೂ ಸಾಬೀತಾಯಿತು. ಆದರೆ ಅದು ಚಾಣಕ್ಯನ ಮೇಲಿನ ನಿಷ್ಠೆಯಲ್ಲ.

ಅವನ ಸ್ವಂತ ಜನರ ಕಥೆ ಬೇರೆ. ಮೂರನೆಯ ಅಂಕದಲ್ಲಿ ಕೌಮುದೀ ಉತ್ಸವ ನಿಲ್ಲಿಸಿದ ನೆಪದಲ್ಲಿ ಗುರುಶಿಷ್ಯರು ಸುಳ್ಳುಜಗಳ ಆಡುತ್ತಾರೆ. ಚಾಣಕ್ಯನೇ ಹೇಳಿಕೊಟ್ಟ ಆಟ ಅದು. ಆದರೂ ಗುರು ಸಿಟ್ಟಿನಿಂದ ಎದ್ದಾಗ, ಇವರಿಗೆ ನಿಜಕ್ಕೂ ಕೋಪ ಬಂತೇ ಎಂದು ಚಂದ್ರಗುಪ್ತ ಕಂಗಾಲಾಗುತ್ತಾನೆ. ಗುರುವನ್ನು ಸುಳ್ಳಿಗಾದರೂ ಧಿಕ್ಕರಿಸಿದ್ದಕ್ಕೆ ಭೂಮಿಗಿಳಿದುಹೋಗುವಷ್ಟು ನಾಚುತ್ತಾನೆ. ಆರನೆಯ ಅಂಕದಲ್ಲಿ ಚಾಣಕ್ಯನ ಇಬ್ಬರು ಚಾರರಿಗೆ ಕಟುಕರ ವೇಷ ತೊಡುವ ಅಪ್ಪಣೆಯಾಗುತ್ತದೆ. ಈ ಕೆಲಸಕ್ಕೆ ಬೇರೆ ಯಾರೂ ಸಿಗಲಿಲ್ಲವೇ ಎಂದು ಒಬ್ಬ ಗೊಣಗುತ್ತಾನೆ. ಬದುಕುವ ಆಸೆಯಿದ್ದವನು ಚಾಣಕ್ಯನ ಮಾತು ಮೀರಿಯಾನೇ ಎನ್ನುವುದು ಇನ್ನೊಬ್ಬನ ಸಮಾಧಾನ. ನಾಟಕದಲ್ಲಿ ನನ್ನನ್ನು ಹೆಚ್ಚು ಕಾಡುವ ಮಾತು ಇದೇ. ಈ ವಿಧೇಯತೆಯಲ್ಲಿ ಪ್ರೀತಿ ಎಷ್ಟು, ಭಯ ಎಷ್ಟು? ಎಲ್ಲ ಬಲ್ಲ ಚಾಣಕ್ಯನಿಗೂ ಅದನ್ನು ತಿಳಿಯುವ ದಾರಿಯಿಲ್ಲ, ಏಕೆಂದರೆ ಆ ಭಯ ಹುಟ್ಟಿಸಿದವನು ಅವನೇ.

ಕೆಂಪುನಾರಾಯಣ ಬರೆಯುವಾಗ ಕೌಟಿಲ್ಯನ ‘ಅರ್ಥಶಾಸ್ತ್ರ’ ಓದಲು ಸಿಗುತ್ತಿರಲಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಗಳಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಅಮಾತ್ಯರನ್ನು ಗುಟ್ಟಾಗಿ ಪರೀಕ್ಷಿಸುವ ‘ಉಪಧೆ’ಗಳಿಗೇ ಒಂದು ಅಧ್ಯಾಯವಿದೆ. ಧರ್ಮ, ಅರ್ಥ, ಕಾಮ, ಭಯ ಎಂದು ಅವು ನಾಲ್ಕು. ಉದಾಹರಣೆಗೆ, ರಾಜ ಪುರೋಹಿತನನ್ನು ಸುಳ್ಳಾಗಿ ಪದಚ್ಯುತಗೊಳಿಸುತ್ತಾನೆ. ‘ಅಧರ್ಮಿ ರಾಜನನ್ನು ಇಳಿಸೋಣ, ಎಲ್ಲರೂ ಒಪ್ಪಿದ್ದಾರೆ, ನೀನೇನನ್ನುತ್ತೀ’ ಎಂದು ಪುರೋಹಿತನ ಕಡೆಯ ಗೂಢಚಾರರು ಒಬ್ಬೊಬ್ಬ ಅಮಾತ್ಯನನ್ನೂ ಕೇಳುತ್ತಾರೆ. ಒಲ್ಲೆ ಎಂದವನು ಶುದ್ಧ.

ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ಕೌಟಿಲ್ಯ ಎಚ್ಚರಿಸುತ್ತಾನೆ. ರಾಜ ತನ್ನನ್ನಾಗಲಿ ರಾಣಿಯನ್ನಾಗಲಿ ಈ ಪರೀಕ್ಷೆಗೆ ಗುರಿಯಾಗಿಸಬಾರದು. ಕೆಡದವನನ್ನು ಪರೀಕ್ಷೆಯ ಹೆಸರಲ್ಲಿ ಕೆಡಿಸುವುದು ನೀರಿಗೆ ವಿಷ ಬೆರೆಸಿದಂತೆ. ಒಮ್ಮೆ ಕೆಟ್ಟ ಮನಸ್ಸಿಗೆ ಮದ್ದು ಸಿಗದೇ ಹೋಗಬಹುದು. ಕಥೆಯ ಚಾಣಕ್ಯನಿಗಿಂತ ಶಾಸ್ತ್ರದ ಕೌಟಿಲ್ಯ ಹೆಚ್ಚು ಅಳುಕುಳ್ಳವನಾಗಿ ನನಗೆ ಕಾಣುತ್ತಾನೆ. ನಾಟಕ ಏಳನೆಯ ಅಂಕಕ್ಕೆ ಮುಗಿಯುತ್ತದೆ. ರಾಜ್ಯ ಆಳುವವನು ಮಾತ್ರ, ತಾನು ಪರೀಕ್ಷಿಸಿದವರ ಜೊತೆಯಲ್ಲೇ ಮರುದಿನವೂ ಕೆಲಸ ಮಾಡಬೇಕು.

ಮೌರ್ಯರ ಮಾತು ನಮ್ಮ ಹಚ್ಚೊಳ್ಳಿ ಸೀಮೆಗೆ ದೂರದ್ದಲ್ಲ. ಇದೇ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಚಂದ್ರಗುಪ್ತನ ಮೊಮ್ಮಗನ ಬಂಡೆಶಾಸನಗಳಿವೆ. ‘ಅಶೋಕ’ ಎಂಬ ಹೆಸರನ್ನೇ ಕೊರೆದಿರುವ ವಿರಳ ಶಾಸನಗಳಲ್ಲಿ ಇವೂ ಸೇರಿವೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬ ಸರಳ ಸಂಗತಿಗಳನ್ನು ಅಧಿಕಾರಿಗಳ ಮೂಲಕ ಜನರಿಗೆ ಮುಟ್ಟಿಸುವ ಯತ್ನ ಅದು. ಅಶೋಕನಿಗೂ ವರದಿಗಾರರಿದ್ದರು, ದಂಡವೂ ಇತ್ತು. ಆದರೆ ತನ್ನ ಜನರಿಂದ ಏನು ಬೇಕೆಂಬುದನ್ನು ಅವನು ಎಲ್ಲರಿಗೂ ಕಾಣುವಂತೆ ಕಲ್ಲಿನ ಮೇಲೆ ಬರೆಸಿದ. ನಾಟಕದ ಚಾಣಕ್ಯ ಚಂದ್ರಗುಪ್ತನನ್ನೋ ಆ ಚಾರರನ್ನೋ ಹಾಗೆ ನೇರವಾಗಿ ಒಮ್ಮೆಯೂ ಕೇಳಲಿಲ್ಲ.