ಅಜ್ಜಿಯ ಕೆಂಡ, ನನ್ನ ಓವನ್ ಮತ್ತು ಒಂದು ತಟ್ಟೆ ಫ್ರೈಸ್

ತುಂಬಾ ದಿನ ಆಯ್ತು ಬರೆದು. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್, ನೆಪ ಹೇಳೋಕೆ ಅಷ್ಟು ಸಾಕು ಬಿಡಿ. ಈ ಸಲ ಅಡುಗೆ ಮನೆ ವಿಷಯ. ಗಾಬರಿ ಬೇಡ, ಬರೀ ರೆಸಿಪಿ ಅಲ್ಲ, ಸ್ವಲ್ಪ ಇತಿಹಾಸವೂ ಇದೆ :-)

ನಮ್ಮೂರು ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವರಪುರ. ಬಸ್ಸಿನ ಬೋರ್ಡಿನಲ್ಲಿ ಎಚ್.ಡಿ.ಪುರ. ಚಿತ್ರದುರ್ಗ, ದಾವಣಗೆರೆ ಕಡೆಯವರಿಗೆ ಸಾಯಂಕಾಲ ಅಂದ್ರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ: ಮಂಡಕ್ಕಿ, ಮೆಣಸಿನಕಾಯಿ. ನಮ್ಮಪ್ಪನಿಗೂ ಅಷ್ಟೇ. ತೋಟದಿಂದ ಬರುವಾಗ ಪೇಪರ್ ಪೊಟ್ಟಣದಲ್ಲಿ ನಾಲ್ಕು ಮೆಣಸಿನಕಾಯಿ ಬಜ್ಜಿ ಬರಲೇಬೇಕು. ಮೂವತ್ತು ವರ್ಷದ ಅಭ್ಯಾಸ.

ಕಳೆದ ವರ್ಷ ಅಪ್ಪನಿಗೆ ಎದೆ ಹಿಡಿದ ಹಾಗಾಯ್ತು. ದೊಡ್ಡದೇನೂ ಆಗಲಿಲ್ಲ, ಆದ್ರೆ ಸಕ್ಕರೆಯೂ ಇದೆ, ಕೊಬ್ಬೂ ಜಾಸ್ತಿ ಇದೆ ಅಂತ ಗೊತ್ತಾಯ್ತು. ಡಾಕ್ಟ್ರು ಕರಿದದ್ದು ಬಿಡಿ ಅಂದ್ರು. ಅಪ್ಪ ಬಿಟ್ಟರು. ಆದ್ರೆ ಸಾಯಂಕಾಲ ಐದೂವರೆಗೆ ಜಗಲಿ ಮೇಲೆ ಸುಮ್ಮನೆ ಕೂತಿರ್ತಾರಲ್ಲ, ಅದನ್ನ ನೋಡೋಕೆ ಆಗಲ್ಲ. ಹಾಗಾಗಿ ಬೆಂಗಳೂರಿಂದ ಒಂದು ಸಣ್ಣ ಓವನ್ ಹೊತ್ತುಕೊಂಡು ಹೋದೆ, ತರಕಾರಿ ಫ್ರೈಸ್ ಮಾಡಿಕೊಡೋಣ ಅಂತ.

ಅಮ್ಮ ಒಂದೇ ಮಾತು ಹೇಳಿದ್ಲು: "ಇವೆಲ್ಲ ಹೊರಗಿನವರ ಅಡುಗೆ ಕಣಪ್ಪ. ನಮ್ಮದು ಕರಿಯೋದು."

ಈ ಮಾತು ತಲೆಯಲ್ಲಿ ಕೂತುಬಿಡ್ತು. ನಿಜಕ್ಕೂ ಕರಿಯೋದು ನಮ್ಮದಾ? ಬೇಕ್ ಮಾಡೋದು ಹೊರಗಿನದಾ? ಹುಡುಕ್ತಾ ಹೋದೆ. ಸಿಕ್ಕಿದ್ದು ತಮಾಷೆಯಾಗಿದೆ.

ಮೊದಲು ಮೆಣಸಿನಕಾಯಿಯನ್ನೇ ತಗೊಳ್ಳಿ. ಹುಟ್ಟಿದ್ದು ಅಮೆರಿಕ ಖಂಡದಲ್ಲಿ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ ಮೇಲೆ ಪೋರ್ಚುಗೀಸರ ಹಡಗುಗಳ ಜೊತೆ ನಮ್ಮ ಕರಾವಳಿಗೆ ಬಂತು. ಅದಕ್ಕಿಂತ ಮುಂಚೆ ನಮಗೆ ಖಾರ ಅಂದ್ರೆ ಕರಿಮೆಣಸು. ಹೊಸ ಕಾಯಿಗೆ ಹಳೇ ಮೆಣಸಿನ ಹೆಸರನ್ನೇ ಅಂಟಿಸಿದ್ರು, ಮೆಣಸಿನಕಾಯಿ ಆಯ್ತು.

ಗೆಣಸಿನ ಕಥೆಯೂ ಹಾಗೇ. ಗೆಣಸು ಅನ್ನೋದು ಗಡ್ಡೆಗಳಿಗೆ ನಮ್ಮಲ್ಲಿದ್ದ ಹಳೇ ಪದ. ಈಗ ನಾವು ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ ಜೊತೆ ಬೇಯಿಸಿ ತಿನ್ನೋ ಸಿಹಿಗೆಣಸು ಅಮೆರಿಕದ್ದು. ಕಡಲೆಕಾಯಿ ಇನ್ನೂ ಮಜಾ. ಕಡಲೆ ಅನ್ನೋ ಹೆಸರು ನಮ್ಮದು, ಕಾಯಿ ದಕ್ಷಿಣ ಅಮೆರಿಕದ್ದು. ನಮ್ಮ ಕಡೆ ಶೇಂಗಾ ಅಂತಾರೆ, ಅದು ಬೇರೆ ಮಾತು. ಪ್ರೋಗ್ರಾಮರ್ ಗೆಳೆಯರಿಗೆ ಅರ್ಥ ಆಗೋ ಹಾಗೆ ಹೇಳಬೇಕು ಅಂದ್ರೆ, ವೇರಿಯಬಲ್ ಹೆಸರು ಅದೇ, ಒಳಗಿರೋ ವ್ಯಾಲ್ಯೂ ಬದಲಾಗಿದೆ!

ಆಲೂಗಡ್ಡೆ ಮಾತ್ರ ತನ್ನ ಊರಿನ ಗುರುತು ಬಿಟ್ಟುಕೊಟ್ಟಿಲ್ಲ. ಕರಾವಳಿ ಮತ್ತು ಉತ್ತರ ಕರ್ನಾಟಕದಲ್ಲಿ ಬಟಾಟೆ ಅಂತಾರಲ್ಲ, ಅದು ಪೋರ್ಚುಗೀಸರ ಬಟಾಟ. ಆಂಡಿಸ್ ಬೆಟ್ಟಗಳ ಗಡ್ಡೆ ಇದು. ನಮ್ಮ ದೇಶದ ಒಳನಾಡಿನಲ್ಲಿ ಸರಿಯಾಗಿ ಹರಡಿದ್ದು ಬ್ರಿಟಿಷರ ಕಾಲದಲ್ಲಿ. ಇವತ್ತು ಹಾಸನ, ಚಿಕ್ಕಬಳ್ಳಾಪುರ, ಕೋಲಾರ, ಬೆಳಗಾವಿಯ ಎಷ್ಟೋ ರೈತರು ಅದನ್ನ ಬೆಳೀತಾರೆ.

ಅಂದ್ರೆ ನಮ್ಮ ಬಜ್ಜಿ-ಬೋಂಡಾದೊಳಗೆ ಇರೋ ಮೆಣಸಿನಕಾಯಿ, ಆಲೂಗಡ್ಡೆ ಐನೂರು ವರ್ಷದ ಈಚಿನ ಸರಕು. ಹೋಗಲಿ, ಎಣ್ಣೆ?

1800-01ರಲ್ಲಿ ಫ್ರಾನ್ಸಿಸ್ ಬುಕನನ್ ಅನ್ನೋ ಡಾಕ್ಟ್ರು ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯೆಲ್ಲ ಸುತ್ತಿ ವರದಿ ಬರೆದ. 1807ರಲ್ಲಿ ಅದು ಪುಸ್ತಕವಾಗಿ ಬಂತು. ನಮ್ಮ ಹಿರಿಯೂರು, ಚಿತ್ರದುರ್ಗವನ್ನೂ ನೋಡಿದ್ದಾನೆ ಪುಣ್ಯಾತ್ಮ. ಗಾಣದಲ್ಲಿ ತೆಗೆಯೋ ಎಣ್ಣೆಗಳು ಅಂತ ಅವನು ಬರೆದಿರೋದು ಎಳ್ಳು, ಹುಚ್ಚೆಳ್ಳು, ಹರಳು, ಕೊಬ್ಬರಿ, ಹಿಪ್ಪೆ, ಹೊಂಗೆ ಇಂಥವು. ಅದರಲ್ಲೂ ಹೊಂಗೆ, ಹರಳು ದೀಪಕ್ಕೆ. ಎತ್ತು ತಿರುಗಿ ತಿರುಗಿ ತೆಗೆದ ಎಣ್ಣೆ ಅದು, ಎಷ್ಟು ಬಂದೀತು? ಬಾಣಲೆ ತುಂಬಾ ಸುರಿದು ದಿನಾ ಬಜ್ಜಿ ಬಿಡೋ ಮನೆ ಎಷ್ಟಿದ್ದವು ಅಂತ ನೀವೇ ಯೋಚಿಸಿ. ಕರಿಯೋದು ಇತ್ತು, ಇಲ್ಲ ಅಂತ ಅಲ್ಲ. ಆದ್ರೆ ಅದು ಹಬ್ಬಕ್ಕೆ, ಮದುವೆಗೆ, ದೇವರಿಗೆ.

ಆಮೇಲೆ ನಮ್ಮ ಜಿಲ್ಲೆಯ ಕೆಂಪು ಮಣ್ಣಿಗೆ ಶೇಂಗಾ ಹೊಂದಿಕೊಂಡಿತು. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳು ಸಾಲಾಗಿ ನಿಂತವು. ಆಯಿಲ್ ಸಿಟಿ ಅಂತ ಹೆಸರು ಬಂತು, ಮುಂಬೈ ಬಿಟ್ಟರೆ ನಾವೇ ಅಂತ ಜಂಬ. ಬಾಣಲೆಗೆ ಎಣ್ಣೆ ಬಂದಿದ್ದು ಆಗ. 1994ರಲ್ಲಿ ಸರ್ಕಾರ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಮಲೇಷ್ಯಾ, ಇಂಡೋನೇಷ್ಯಾದ ಎಣ್ಣೆ ಅಗ್ಗಕ್ಕೆ ಬಂತು, ಚಳ್ಳಕೆರೆಯ ಎಷ್ಟೋ ಗಿರಣಿಗಳು ಮುಚ್ಚಿದವು. ಅತ್ತ ಗಿರಣಿ ಬಾಗಿಲು ಹಾಕಿತು, ಇತ್ತ ಗಲ್ಲಿಗೊಂದು ಬಜ್ಜಿ ಗಾಡಿ ನಿಂತಿತು. ಅಪ್ಪನ ಮೂವತ್ತು ವರ್ಷದ ಅಭ್ಯಾಸ ಅಂದೆನಲ್ಲ, ಲೆಕ್ಕ ಹಾಕಿ ನೋಡಿ. ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತೆ!

ಈಗ ಬೇಕಿಂಗ್ ಕಡೆಗೆ ಬರೋಣ. ಬೇಕರಿ ಅಂದ್ರೆ ನಮ್ಮ ರಾಜ್ಯದಲ್ಲಿ ಅಯ್ಯಂಗಾರ್ ಬೇಕರಿ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ್ರು, ಅಲ್ಲಿಂದ ಊರೂರಿಗೆ ಹಬ್ಬಿತು. ಆದ್ರೆ ಭಟ್ಟಿ ಅಂಗಡಿಯಲ್ಲೇ ಉಳೀತು, ಮನೆಗೆ ಬರಲಿಲ್ಲ. ಅದಕ್ಕೇ ಅಮ್ಮನಿಗೆ ಅದು ಹೊರಗಿನ ಅಡುಗೆ.

ಅದಕ್ಕೂ ಹಿಂದೆ ಹೋಗಿ. 1508ರ ಸುಮಾರಿಗೆ ಕಲ್ಲಹಳ್ಳಿಯ ಮೂರನೆಯ ಮಂಗರಸ ಅನ್ನೋ ಪಾಳೆಯಗಾರ ಕವಿ ಕನ್ನಡದಲ್ಲಿ ‘ಸೂಪಶಾಸ್ತ್ರ’ ಅನ್ನೋ ಅಡುಗೆ ಪುಸ್ತಕವನ್ನು ಪದ್ಯದಲ್ಲಿ ಬರೆದ. ಅದರಲ್ಲಿ ಬದನೆ ಇದೆ, ಬಾಳೆ ಇದೆ, ಹಲಸು ಇದೆ, ಕಳಲೆ ಇದೆ. ಆಲೂಗಡ್ಡೆ ಇಲ್ಲ, ಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ. ಆದ್ರೆ ಒಂದು ಮುಚ್ಚಳ ರೊಟ್ಟಿ ಇದೆ! ಕಾವಲಿ ಮೇಲೆ ಹಿಟ್ಟಿಟ್ಟು, ಮುಚ್ಚಳ ಮುಚ್ಚಿ, ಕೆಳಗೂ ಕೆಂಡ, ಮೇಲೂ ಕೆಂಡ. ನಾನು ಬೆಂಗಳೂರಿಂದ ಹೊತ್ತು ತಂದ ಡಬ್ಬಿಯಲ್ಲಿ ಏನಿದೆ ಹೇಳಿ? ಕೆಳಗೊಂದು ಕಾಯಿಲ್, ಮೇಲೊಂದು ಕಾಯಿಲ್. ಅಷ್ಟೇ.

ಬಜ್ಜಿ ಅನ್ನೋ ಪದವನ್ನೇ ನೋಡಿ. ಬಯಲುಸೀಮೆಯಲ್ಲಿ ಅದು ಕರಿದದ್ದು. ಮಲೆನಾಡಿನ ಕಡೆ ಸುಟ್ಟ ಬದನೆಕಾಯಿ ಕಿವುಚಿ ಮಾಡೋದನ್ನೂ ಬಜ್ಜಿ ಅಂತಾರೆ.

ಹಾಗಾಗಿ ನನಗೆ ತೋಚಿದ್ದು ಇಷ್ಟು. ಕರಿದ ತಿಂಡಿಯಲ್ಲಿ ಹೆಸರು ಹಳೇದು, ಸರಕು ಹೊಸದು. ಓವನ್ನಿನಲ್ಲಿ ಹೆಸರು ಹೊಸದು, ಕೆಲಸ ಹಳೇದು.

ಇನ್ನು ಫ್ರೈಸ್. ಅದನ್ನ ಮೊದಲು ಮಾಡಿದ್ದು ನಾವು ಅಂತ ಫ್ರಾನ್ಸಿನವರು, ಬೆಲ್ಜಿಯಮ್ಮಿನವರು ಇವತ್ತಿಗೂ ಜಗಳ ಆಡ್ತಾರೆ. ನಮ್ಮ ಮೈಸೂರು ಪಾಕ್ ಜಗಳದ ಹಾಗೆ. ಅದು ಅವರಿಗೇ ಇರಲಿ. ನನಗೆ ಬೇಕಾಗಿದ್ದು ಲೆಕ್ಕ. ಹಸಿ ಆಲೂಗಡ್ಡೆಯಲ್ಲಿ ನೂರಕ್ಕೆ ಸುಮಾರು 80 ಭಾಗ ನೀರು, ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. 175 ಡಿಗ್ರಿ ಎಣ್ಣೆಗೆ ಬಿಟ್ಟಾಗ ನೀರು ಆವಿಯಾಗಿ ಹೋಗುತ್ತೆ, ಆ ಜಾಗಕ್ಕೆ ಎಣ್ಣೆ ಸೇರುತ್ತೆ. ಕೊನೆಗೆ 100 ಗ್ರಾಂ ಫ್ರೈಸಿನಲ್ಲಿ ಹತ್ತಿರ ಹತ್ತಿರ 15 ಗ್ರಾಂ ಕೊಬ್ಬು. ಓವನ್ನಿನಲ್ಲೂ ನೀರು ಹೋಗುತ್ತೆ, ಆದ್ರೆ ಒಳಗೆ ಸೇರೋಕೆ ಎಣ್ಣೆ ಇರಲ್ಲ.

ನಾನು ಮಾಡಿದ ರೀತಿ ಹೇಳ್ತೀನಿ. ಅರ್ಧ ಕೆಜಿ ತರಕಾರಿ: ಬಾಳೆಕಾಯಿ, ಕ್ಯಾರೆಟ್, ಸಿಹಿಗೆಣಸು, ಸ್ವಲ್ಪ ಆಲೂಗಡ್ಡೆ. ಬೆರಳು ದಪ್ಪಕ್ಕೆ, ಎಲ್ಲ ಒಂದೇ ಅಳತೆಗೆ ಹೆಚ್ಚಿ. ಆಲೂಗಡ್ಡೆ, ಬಾಳೆಕಾಯಿ ಅರ್ಧ ಗಂಟೆ ನೀರಲ್ಲಿರಲಿ. ಆಮೇಲೆ ಬಟ್ಟೆಯಲ್ಲಿ ಒಂದು ಹನಿ ನೀರೂ ಇಲ್ಲದ ಹಾಗೆ ಒರೆಸಿ. ಒಂದು ದೊಡ್ಡ ಚಮಚ ಶೇಂಗಾ ಎಣ್ಣೆ, ಒಂದು ಚಮಚ ಅಕ್ಕಿಹಿಟ್ಟು, ಕುಟ್ಟಿದ ಕರಿಮೆಣಸು, ಜೀರಿಗೆ ಪುಡಿ ಹಾಕಿ ಕಲಸಿ. ಉಪ್ಪು ಈಗ ಬೇಡ, ನೀರು ಬಿಡುತ್ತೆ. ಓವನ್ 200 ಡಿಗ್ರಿಗೆ ಕಾದಿರಬೇಕು. ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಒಂದೇ ಪದರ ಹರಡಿ. ಒತ್ತೊತ್ತಾಗಿ ಹಾಕಿದ್ರೆ ಗರಿಗರಿ ಆಗಲ್ಲ, ಆವಿಯಲ್ಲಿ ಬೆಂದು ಪಲ್ಯ ಆಗುತ್ತೆ. ನನ್ನ ಮೊದಲನೇ ತಟ್ಟೆ ಅದೇ ಆಯ್ತು. ಇಪ್ಪತ್ತೈದರಿಂದ ಮೂವತ್ತು ನಿಮಿಷ, ನಡುವೆ ಒಮ್ಮೆ ಮಗುಚಿ. ಕ್ಯಾರೆಟ್, ಗೆಣಸು ಬೇಗ ಕಪ್ಪಾಗುತ್ತವೆ, ಅವನ್ನ ಮೊದಲು ತೆಗೀರಿ. ಕೊನೆಗೆ ಉಪ್ಪು.

ಬೇಕ್ ಮಾಡಿದ್ದು ಅಂತ ಎಲ್ಲ ಒಳ್ಳೇದೇ ಅಂತಲ್ಲ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪಿಷ್ಟದ ತಿಂಡಿಗಳನ್ನ 120 ಡಿಗ್ರಿಗಿಂತ ಮೇಲೆ ಕಾಯಿಸಿದ್ರೆ ಅಕ್ರಿಲಮೈಡ್ ಅನ್ನೋ ವಸ್ತು ಹುಟ್ಟುತ್ತೆ ಅಂತ ತೋರಿಸಿದ್ರು. ಪ್ರಾಣಿಗಳಲ್ಲಿ ಇದು ಕ್ಯಾನ್ಸರ್ ತರುತ್ತೆ. ಕರಿದ್ರೂ ಹುಟ್ಟುತ್ತೆ, ಬೇಕ್ ಮಾಡಿದ್ರೂ ಹುಟ್ಟುತ್ತೆ. ನೀರಲ್ಲಿ ನೆನೆಸೋದು, ಹೊಂಬಣ್ಣಕ್ಕೇ ನಿಲ್ಲಿಸೋದು ಅದಕ್ಕೇ. ಹಸಿ ಆಲೂಗಡ್ಡೆ ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ಸಕ್ಕರೆ ಜಾಸ್ತಿಯಾಗಿ ಬೇಗ ಕಪ್ಪಾಗುತ್ತೆ. ಇನ್ನೊಂದು ಮಾತು, ಎಣ್ಣೆ ಕಮ್ಮಿಯಾದ್ರೂ ಆಲೂಗಡ್ಡೆ, ಗೆಣಸಿನ ಪಿಷ್ಟ ಎಲ್ಲೂ ಹೋಗಲ್ಲ. ಸಕ್ಕರೆ ಕಾಯಿಲೆ ಇರೋರಿಗೆ ಇದು ತಟ್ಟೆ ತುಂಬಾ ತಿನ್ನೋದಲ್ಲ. ಅಪ್ಪನಿಗೆ ಈಗ ಬೆಂಡೆಕಾಯಿ, ಬೀನ್ಸ್, ಬದನೆ ಜಾಸ್ತಿ, ಗಡ್ಡೆ ಕಮ್ಮಿ ಹಾಕ್ತೀವಿ.

ಎರಡನೇ ತಟ್ಟೆ ಹೊರಗೆ ಬಂದಾಗ ಅಜ್ಜಿ ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ರು. ಎಂಬತ್ತು ದಾಟಿದೆ, ಹಲ್ಲಿಲ್ಲ. ಒಂದು ಗೆಣಸಿನ ತುಂಡು ತಗೊಂಡು ಬಾಯಿಗೆ ಹಾಕ್ಕೊಂಡು ಹೇಳಿದ್ರು:

"ಇದೇನು ಹೊಸದು ಮಗಾ? ರಾತ್ರಿ ರೊಟ್ಟಿ ಸುಟ್ಟಾದ್ಮೇಲೆ ಒಲೆ ಕೆಂಡದಾಗೆ ಗೆಣಸು ಹುಗಿಸಿ ಮಲಗ್ತಿದ್ವಿ. ಬೆಳಿಗ್ಗೆ ಬೂದಿ ಒರೆಸಿ ತಿಂದು ಹೊಲಕ್ಕೆ ಹೋಗೋದು. ಎಣ್ಣೆ ಎಲ್ಲಿತ್ತು ಆವಾಗ?"

ಅಮ್ಮ ಏನೂ ಅನ್ನಲಿಲ್ಲ. ನಾನು ಬುಕನನ್, ಮಂಗರಸ ಅಂತ ಮೂರು ದಿನ ಹುಡುಕಿದ್ದನ್ನ ಅಜ್ಜಿ ಮೂರು ಸಾಲಿನಲ್ಲಿ ಹೇಳಿ ಹೋದ್ರು. ಮೊದಲೇ ಕೇಳಬಹುದಿತ್ತು.

ಅಪ್ಪ ಐದೂವರೆಗೆ ಜಗಲಿ ಮೇಲೆ ಮಂಡಕ್ಕಿ ಜೊತೆ ಒಂದು ಬಟ್ಟಲು ತಿಂದ್ರು. "ಮೆಣಸಿನಕಾಯಿ ಹಂಗೆ ಇಲ್ಲ ಬಿಡು" ಅಂದ್ರು. ನಿಜಾನೇ, ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಟ್ಟಲು ಮುಂದೆ ಮಾಡಿ "ಇನ್ನೊಂದು ನಾಲ್ಕು ಹಾಕು" ಅಂದ್ರು. ಈಗ ಅಮ್ಮನೇ ವಾರಕ್ಕೆರಡು ಸಲ ಓವನ್ ಹಚ್ಚುತ್ತಾಳೆ, ಕರೆಂಟ್ ಇದ್ದ ದಿನ.

ನಿಮ್ಮೂರಲ್ಲಿ ಕೆಂಡದಲ್ಲಿ ಏನೇನು ಸುಡ್ತಿದ್ರು? ಹಲಸಿನ ಬೀಜ, ಗೇರುಬೀಜ, ಬದನೆಕಾಯಿ... ಮನೆಯಲ್ಲಿ ಅಜ್ಜಿ ಇದ್ರೆ ಇವತ್ತೇ ಒಂದು ಮಾತು ಕೇಳಿ. ಕೇಳಿದ್ದನ್ನ ನಿಮ್ಮ ಬ್ಲಾಗಿನಲ್ಲಿ ಬರೀರಿ, ನಾನು ಬಂದು ಓದ್ತೀನಿ.